ಟೇಲರಮ್ಮನ ಕೋಣೆಯ ಬಿಸಿ ಗೋಡೆ

ಆ ಗೋಡೆಗೆ ಎರಡು ಕಡೆಯೂ ಗಿಲಾವು ಇರಲಿಲ್ಲ. ಬರೀ ಇಟ್ಟಿಗೆ, ನಡುನಡುವೆ ಒರಟಾಗಿ ಮೆತ್ತಿದ ಗಾರೆ, ಅಷ್ಟೆ. ಗೋಡೆಯ ಈಚೆಗೆ ಬೇಕರಿ, ಆಚೆಗೆ ಟೇಲರಮ್ಮನ ಒಂದೇ ಕೋಣೆಯ ಮನೆ. ಬೇಕರಿಯ ಸೌದೆ ಭಟ್ಟಿಯನ್ನು ಕಟ್ಟುವಾಗ ಇಟ್ಟಿಗೆ ಉಳಿಸುವ ಆಸೆಗೆ ಅದನ್ನು ಆ ಗೋಡೆಗೇ ಆನಿಸಿ ಕಟ್ಟಿದ್ದರು. ಹಾಗಾಗಿ ಭಟ್ಟಿಗೆ ಬೇರೆ ಬೆನ್ನಿರಲಿಲ್ಲ, ಗೋಡೆಯೇ ಬೆನ್ನು. ಈಚೆ ಉರಿ ಹಾಕಿದರೆ ಆಚೆ ಟೇಲರಮ್ಮನ ಕೋಣೆ ಬೆಚ್ಚಗಾಗುತ್ತಿತ್ತು.

ಗೋಡೆ ಒಂದೇ ಆದರೂ ಬೀದಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು. ಮನೆಯ ಮಾಲೀಕರಿಗೆ ಅದು ಎರಡು ಬಾಡಿಗೆಗಳ ನಡುವಿನ ಗೆರೆ. ಟೇಲರಮ್ಮನಿಗೆ ಖರ್ಚಿಲ್ಲದ ಇಸ್ತ್ರಿಪೆಟ್ಟಿಗೆ. ನೆನೆಸಿದ ಬಟ್ಟೆಯನ್ನು ಮೊಳೆಗೆ ಸಿಕ್ಕಿಸಿ ಗೋಡೆಗೆ ಅಂಟಿಸಿದಂತೆ ಇಳಿಬಿಟ್ಟರೆ ಸಂಜೆಗೆ ಗರಿಗರಿ. ಬೇಕರಿಯ ಅತ್ತೆಗೆ ಅದು ತೀರಿಹೋದ ಗಂಡನ ಗುರುತು. "ನಿಮ್ಮ ಮಾವ ತಾವೇ ನಿಂತು ಇದಕ್ಕೆ ಭಟ್ಟಿ ಕಟ್ಟಿಸಿದ್ದು" ಎಂದು ಮಾತಿಗೊಮ್ಮೆ ಎನ್ನುತ್ತಿದ್ದರು. ಎದುರಿನ ಚಪ್ಪಲಿ ರಿಪೇರಿಯವನಿಗೆ ಮಾತ್ರ ಗೋಡೆ ಎಂದರೆ ಆಗುತ್ತಿರಲಿಲ್ಲ. ಯಾವ ಗೋಡೆಯೂ ಆಗುತ್ತಿರಲಿಲ್ಲ. ಗೋಡೆಗಳಿಲ್ಲದಿದ್ದರೆ ಲೋಕ ಎಷ್ಟು ಚೆನ್ನಾಗಿ ಕಾಣುತ್ತಿತ್ತು ಎನ್ನುವ ಜಾತಿ ಅವನದು.

ಬೇಕರಿ ಅಕ್ಕನಿಗೆ ಇಷ್ಟು ವರ್ಷ ಆ ಗೋಡೆ ಏನೂ ಆಗಿರಲಿಲ್ಲ. ಅವಳು ಬೇಕರಿಯ ಹಿರಿಯ ಸೊಸೆ. ಮುಂದುಗಡೆ ಗಾಜಿನ ಪೆಟ್ಟಿಗೆಯ ಹಿಂದೆ ಕೂತು ಬ್ರೆಡ್ಡು, ಬನ್ನು, ಬಿಸ್ಕತ್ತು ಕಟ್ಟಿಕೊಡುತ್ತಿದ್ದಳು. ಬೀದಿಗೆಲ್ಲ ಅವಳು ಬೇಕರಿ ಅಕ್ಕ. ಅವಳಿಗಿಂತ ವಯಸ್ಸಾದವರಿಗೂ ಅಕ್ಕನೇ. ಹಿಂದುಗಡೆ ಭಟ್ಟಿಯ ಕೆಲಸ ಗಂಡ ಮತ್ತು ಮೈದುನನದು. ಗೋಡೆಯ ಕಡೆ ಅವಳ ಕಣ್ಣು ಹೋದದ್ದು ಗಂಡನ ತೋಳಿನ ಮೇಲೆ ಒಂದು ಕೆಂಪು ದಾರದ ಎಳೆ ಕಂಡ ದಿನ.

ಅಂಥದ್ದೇನೂ ಅಲ್ಲ, ದಾರ. ಆದರೆ ಬೇಕರಿಯಲ್ಲಿ ಕೆಂಪು ದಾರ ಇರಲಿಲ್ಲ. ಪೊಟ್ಟಣ ಕಟ್ಟುವುದು ಬಿಳಿ ಹುರಿಯಲ್ಲಿ. ಮನೆಯ ಸೂಜಿ ಡಬ್ಬಿಯಲ್ಲಿದ್ದದ್ದು ಕಪ್ಪು ಮತ್ತು ಬಿಳಿ. ಅವಳು ಎಳೆಯನ್ನು ಎರಡು ಬೆರಳಲ್ಲಿ ಎತ್ತಿ ಗಂಡನ ಮುಖದ ಮುಂದೆ ಹಿಡಿದಳು.

"ಏನ್ರೀ ಇದು?"

ಗಂಡ ಅವಳ ಬೆರಳ ಕಡೆ ನೋಡಿದ. ನೋಡಿಯೂ ನೋಡದವನ ಹಾಗೆ. "ಏನು? ಏನೂ ಇಲ್ವಲ್ಲ" ಅಂದ.

ಎದುರಿಗೇ ಹಿಡಿದ ದಾರವನ್ನು ಏನೂ ಇಲ್ಲ ಅನ್ನುವ ಗಂಡಸನ್ನು ಏನೆಂದು ತಿಳಿಯಬೇಕು? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಅಂತ ಅವಳು ಮನಸ್ಸಿನಲ್ಲೇ ಅಂದುಕೊಂಡಳು. ಎಳೆಯನ್ನು ಬಿಸಾಡಲಿಲ್ಲ. ಕಾಗದದಲ್ಲಿ ಸುತ್ತಿ ಗಾಜಿನ ಪೆಟ್ಟಿಗೆಯ ಮೂಲೆಗೆ ತಳ್ಳಿದಳು.

ಅಲ್ಲಿಂದ ಶುರುವಾಯಿತು. ಒಂದು ಕಂಡರೆ ಹತ್ತು ಕಾಣುತ್ತವೆ. ಗಂಡ ಈಗೀಗ ಅವಳ ಮುಖ ನೋಡಿ ಮಾತಾಡುತ್ತಿರಲಿಲ್ಲ. ಅವಳ ಕಿವಿಯ ಪಕ್ಕಕ್ಕೆಲ್ಲೋ ನೋಡುತ್ತಿದ್ದ. ತಂಗಿಯ ಮಗಳ ಮದುವೆಗೆಂದು ಹೊಲಿಸಿದ ಹೊಸ ಬಟ್ಟೆ ತೊಟ್ಟು ಎದುರು ನಿಂತರೆ "ಊಟಕ್ಕೆ ಹಾಕು" ಅಂದಿದ್ದ. ಅಂಗಿಯ ಗುಂಡಿಯೊಂದು ಬಿದ್ದುಹೋಗಿತ್ತು, ಅವಳು ಹಾಕಿಕೊಡೋಣ ಅನ್ನುವಷ್ಟರಲ್ಲಿ ಯಾರೋ ಹಾಕಿಬಿಟ್ಟಿದ್ದರು, ಅದೂ ಎಷ್ಟು ಬಿಗಿಯಾಗಿ! ಕೂತಲ್ಲಿ ಕೂತಿರುತ್ತಿದ್ದ. ಯಾವುದೋ ಯೋಚನೆಯಲ್ಲಿ ಬಾಗಿಲ ಚೌಕಟ್ಟನ್ನು ಸವರುತ್ತ ನಡೆಯುತ್ತಿದ್ದ. ಪ್ರಾಯದ ಹುಡುಗರು ಹಾಗೆ ನಡೆದರೆ ಏನೆನ್ನುತ್ತಾರೋ ಅದನ್ನೇ ಅವಳೂ ಅಂದುಕೊಂಡಳು.

ಎಲ್ಲಕ್ಕಿಂತ ಹೆಚ್ಚಾಗಿ, ಮಧ್ಯಾಹ್ನ ಭಟ್ಟಿಯ ಉರಿ ಜೋರಾಗುವ ಹೊತ್ತಿಗೆ ಅವನು ಕೈ ಒರೆಸಿಕೊಂಡು "ಸ್ವಲ್ಪ ಗಾಳಿಗೆ ಹೋಗಿ ಬರ್ತೀನಿ" ಎಂದು ಹಿಂಬಾಗಿಲಿನಿಂದ ಹೊರಡುತ್ತಿದ್ದ. ಹಿಂದೆ ಕಿರಿದಾದ ಓಣಿ. ಆ ಓಣಿಗೆ ಬೇಕರಿಯದೊಂದು ಬಾಗಿಲು, ಟೇಲರಮ್ಮನದೊಂದು ಬಾಗಿಲು. ಆ ಓಣಿ ಹುಟ್ಟಿದ ಮೇಲೆ ಗಾಳಿ ಎನ್ನುವುದು ಅಲ್ಲಿ ಒಂದು ದಿನವೂ ಸುಳಿದಿರಲಿಲ್ಲ.

ಟೇಲರಮ್ಮ ಬಂದು ವರ್ಷ ತುಂಬಿರಲಿಲ್ಲ. ಒಂಟಿ ಹೆಂಗಸು. ಗಂಡ ಇದ್ದನೋ ಇಲ್ಲವೋ ಯಾರಿಗೂ ಗೊತ್ತಿಲ್ಲ; ಕೇಳಿದರೆ "ಇದ್ದಿದ್ರೆ ನಿಮಗೆ ತೋರಿಸ್ತಿದ್ದೆ" ಎಂದು ನಗುತ್ತಿದ್ದಳು. ಆ ನಗು ಒಂದು ಗಂಡಾಂತರ. ಬೀದಿಯ ಆ ತುದಿಗೆ ಕೇಳುತ್ತಿತ್ತು.

ಅತ್ತೆ ಬೇಕರಿಯ ಮುಂದಿನ ಜಗಲಿಯ ಮೇಲೆ ಕೂತು ಪೊಟ್ಟಣಕ್ಕೆ ಹಳೆ ಕಾಗದ ಮಡಿಸುತ್ತಿದ್ದರು. ಅಕ್ಕ ಒಂದು ದಿನ ಅವರ ಬಳಿ ಮಾತು ತೆಗೆದಳು.

"ಅತ್ತೆ, ನಿಮ್ಮ ಮಗ ದಿನಾ ಎಲ್ಲಿಗೆ ಹೋಗ್ತಾರೆ?"

"ಯಾವ ಮಗ?"

"ದೊಡ್ಡೋರು."

ಅತ್ತೆ ಕಾಗದ ಮಡಿಸುವುದನ್ನು ನಿಲ್ಲಿಸಲಿಲ್ಲ. "ಗಂಡಸು ಎಲ್ಲಿಗೆ ಹೋದ ಅನ್ನೋದು ಬೇಡ ಕಣೇ. ವಾಪಸ್ ಬಂದ್ನಾ ಅನ್ನೋದು ನೋಡು."

"ಬರೋದು ಬರ್ತಾರೆ."

"ಬ್ರೆಡ್ಡು?"

"ಬ್ರೆಡ್ಡು ಸೀದು ಬರುತ್ತೆ."

ಅತ್ತೆ ಈಗ ತಲೆಯೆತ್ತಿದರು. ಮಗ ಎಲ್ಲಿಗೆ ಹೋಗುತ್ತಾನೆ ಎನ್ನುವುದಕ್ಕಿಂತ ಅದೇ ಅವರಿಗೆ ದೊಡ್ಡದು. ಕೆಲವು ವಾರಗಳಿಂದ ಬೇಕರಿಯ ಬ್ರೆಡ್ಡು ಒಂದು ದಿನ ಬೆಂದಿರುತ್ತಿರಲಿಲ್ಲ, ಇನ್ನೊಂದು ದಿನ ಕರಿಕಲು. ಗಂಡ ತಮ್ಮನನ್ನು ಬೈಯುತ್ತಿದ್ದ: "ಉರಿ ಸರಿಯಾಗಿ ಹಾಕಲ್ಲ, ಸೌದೆ ಹಸಿ ತರ್ತೀಯ, ತಲೆ ಎಲ್ಲಿಟ್ಟಿರ್ತೀಯ?" ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮೈದುನ ಬಾಯಿ ಬಿಡದೆ ಹಿಟ್ಟು ನಾದುತ್ತಿದ್ದ. ಅವನ ಮೌನದಲ್ಲೂ ಅಕ್ಕನಿಗೆ ಏನೋ ಕಾಣುತ್ತಿತ್ತು. ಇವನಿಗೆ ಎಲ್ಲಾ ಗೊತ್ತು, ಅಣ್ಣನ ಗುಟ್ಟನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದಾನೆ ಅನ್ನಿಸುತ್ತಿತ್ತು.

"ನಿಮ್ಮ ಮಾವ ಏನಂತಿದ್ರು ಗೊತ್ತಲ್ಲ" ಎಂದರು ಅತ್ತೆ. "ಭಟ್ಟಿ ಯಾರ ಕಣ್ಣಿಗೆ ಒಲಿಯುತ್ತೋ ಬೇಕರಿ ಅವನದು. ಚಿಕ್ಕೋನಿಗೆ ಒಲೀಲಿಲ್ಲ, ದೊಡ್ಡೋನಿಗೆ ಒಲೀತು. ಕೊಟ್ಟೆ. ಈಗ ಅವನು ಬೇರೆ ಏನನ್ನೋ ನೋಡೋಕೆ ಹೋದ್ರೆ..." ಮುಂದೆ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಭಟ್ಟಿ ಒಲಿಯುವುದು ಅಂದರೆ ಇಷ್ಟೇ. ಸೌದೆ ಹಚ್ಚಿದಾಗ ಒಳಗಿನ ಕಮಾನಿನ ಇಟ್ಟಿಗೆಗೆಲ್ಲ ಮಸಿ ಹಿಡಿದು ಕಪ್ಪಾಗುತ್ತದೆ. ಶಾಖ ಏರಿದಂತೆ ಆ ಮಸಿಯೇ ಸುಟ್ಟುಹೋಗಿ ಇಟ್ಟಿಗೆ ಬೆಳ್ಳಗಾಗುತ್ತ ಬರುತ್ತದೆ. ಮೂಲೆ ಮೂಲೆಯೂ ಬೆಳ್ಳಗಾಗಿದೆಯೇ ಎಂದು ಭಟ್ಟಿಯ ಬಾಯಲ್ಲಿ ಬಗ್ಗಿ ನೋಡಿ, ಆಮೇಲೆ ಕೆಂಡ ಎಳೆದು, ಬ್ರೆಡ್ಡು ಒಳಗೆ ತಳ್ಳಬೇಕು. ಅವಸರ ಮಾಡಿದರೆ ಬೇಯದು, ತಡ ಮಾಡಿದರೆ ಸೀಯುತ್ತದೆ. "ಹಾಕು" ಎಂದು ಹೇಳುವುದು ಒಬ್ಬನೇ. ಆ ಮನೆಯಲ್ಲಿ ಅದನ್ನು ಹೇಳುವವನೇ ಯಜಮಾನ.

ಅಕ್ಕನಿಗೆ ಯಜಮಾನಿಕೆಯ ಚಿಂತೆ ಇರಲಿಲ್ಲ. ಅವಳು ಒಂದೇ ಲೆಕ್ಕ ಹಾಕಿಟ್ಟುಕೊಂಡಿದ್ದಳು. ನಿಜವೇ ಆಗಿದ್ದರೆ ಜಗಳ ಇಲ್ಲ, ಅಳು ಇಲ್ಲ. ಬಟ್ಟೆ ಕಟ್ಟಿಕೊಂಡು ತನ್ನ ಅಕ್ಕನ ಮನೆಗೆ ಹೋಗಿಬಿಡುವುದು, ಮತ್ತೆ ಈ ಹೊಸ್ತಿಲು ತುಳಿಯುವುದಿಲ್ಲ. ಆದರೆ ಹೋಗುವ ಮುಂಚೆ ಕಣ್ಣಾರೆ ಕಾಣಬೇಕು. ಇಷ್ಟು ವರ್ಷದ ಸಂಸಾರವನ್ನು ಒಂದು ದಾರದ ಎಳೆಯ ಮೇಲೆ ಬಿಟ್ಟು ಹೋಗಲಿಕ್ಕಾಗುತ್ತದೆಯೇ?

ಅವಳು ಮಾಡಿದ ತಪ್ಪು ಇದು: ಚಪ್ಪಲಿ ರಿಪೇರಿಯವನನ್ನು ಕೇಳಿದಳು. ಹರಿಯದ ಚಪ್ಪಲಿಯನ್ನೇ ಹೊಲಿಯಲು ಕೊಟ್ಟು, ಅವನ ಮುಂದಿನ ಸ್ಟೂಲಿನ ಮೇಲೆ ಕೂತು, ಅದೂ ಇದೂ ಮಾತಾಡಿ, "ಎದುರುಮನೆಯಲ್ಲಿ ಯಾರ್ ಯಾರು ಬಂದುಹೋಗ್ತಾರೆ?" ಎಂದಳು.

ಅವನು ಅದಕ್ಕಾಗಿಯೇ ಕಾದಿದ್ದವನಂತೆ ಸುತ್ತಿಗೆ ಕೆಳಗಿಟ್ಟ.

"ಅಕ್ಕಾ, ಬಾಗಿಲಿಗೆ ಪರದೆ ಹಾಕಿರ್ತಾಳೆ ಆಯಮ್ಮ. ಮುಖ ಕಾಣಲ್ಲ. ಆದ್ರೆ ಪರದೆ ಗೇಣುದ್ದ ಗಿಡ್ಡ. ಟೇಲರಾಗಿ ತನ್ನ ಪರದೇನೇ ಗಿಡ್ಡ ಹೊಲ್ಕೊಂಡಿದ್ದಾಳೆ ನೋಡಿ!"

"ಅದಕ್ಕೆ?"

"ಕಾಲು ಕಾಣುತ್ತೆ. ನನಗೆ ಮುಖ ಯಾಕೆ? ಈ ಬೀದೀಲಿ ಯಾರ ಚಪ್ಪಲಿ ನಾನು ಹೊಲಿದಿಲ್ಲ ಹೇಳಿ. ಹೆಬ್ಬೆರಳ ಹತ್ರ ಅಡ್ಡಪಟ್ಟಿ, ಎಡಗಾಲಿನ ಹಿಮ್ಮಡಿ ಸವೆದಿದ್ದು." ಅವನು ದನಿ ತಗ್ಗಿಸಿದ. "ನಾನು ಹೆಸರು ಹೇಳಲ್ಲಪ್ಪ. ಇನ್ನೊಬ್ಬರ ಮನೆ ವಿಷಯ ನಮಗ್ಯಾಕೆ?"

ಹೆಸರು ಹೇಳುವುದು ಬೇಕಿರಲಿಲ್ಲ. ಎಡಗಾಲಿನ ಹಿಮ್ಮಡಿ ಸವೆದದ್ದು ಯಾರದೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಕೂತಿರ್ತಾರಾ?" ಎಂದಳು.

"ಇಲ್ಲಕ್ಕಾ, ಅದೇ ವಿಚಿತ್ರ. ನಿಂತೇ ಇರ್ತಾರೆ. ಗೋಡೆ ಕಡೆ ತಿರುಗಿ. ಆಯಮ್ಮನ ಕಾಲು ಮಷಿನ್ ಮೇಲೆ ಆಡ್ತಾ ಇರುತ್ತೆ, ಒಂದೊಂದ್ಸಲ ನಿಂತುಹೋಗುತ್ತೆ. ಆಮೇಲೆ ನಗು."

ಗೋಡೆಗೆ ಮುಖ ಮಾಡಿ ನಿಲ್ಲುವುದು ಎಂಥ ಚಕ್ಕಂದ ಎಂದು ಸಮಾಧಾನದ ಮನಸ್ಸಿನವರು ಕೇಳಿಕೊಳ್ಳುತ್ತಿದ್ದರು. ಅನುಮಾನದ ಮನಸ್ಸು ಹಾಗಲ್ಲ. ಅದಕ್ಕೆ ಎಲ್ಲವೂ ಎಣ್ಣೆ. ಏನು ಸುರಿದರೂ ಉರಿಯುತ್ತದೆ. ಗೋಡೆಗೆ ಏಕೆ ತಿರುಗಿದ್ದ? ನಾಚಿಕೆಯೇ? ಅವಳು ಅಳತೆ ತೆಗೆದುಕೊಳ್ಳುತ್ತಿದ್ದಳೇ, ಬೆನ್ನಿನ ಅಳತೆ, ಭುಜದ ಅಳತೆ? ಅಕ್ಕ ಹೊಲಿಯದ ಚಪ್ಪಲಿಯನ್ನು ಹಾಗೇ ಎತ್ತಿಕೊಂಡು ಬಂದಳು. ಆ ಸಂಜೆಯೊಳಗೆ ಬೀದಿಯಲ್ಲಿ ನಾಲ್ಕು ಮಂದಿ ಅವಳನ್ನು ಕರುಣೆಯಿಂದ ನೋಡಿದರು. ಬ್ರೆಡ್ಡು ಸೀದಿದ್ದರೂ ಗೊಣಗದೆ ಕೊಂಡುಹೋದರು.

ಅವಳು ಗೋಡೆಯನ್ನೇ ಕೇಳೋಣವೆಂದೂ ನೋಡಿದಳು. ಭಟ್ಟಿಯ ಪಕ್ಕ, ಹಿಟ್ಟಿನ ಚೀಲಗಳ ಹಿಂದೆ, ಒಂದು ಮೊಳ ಅಗಲದ ಗೋಡೆ ಬರಿದಾಗಿತ್ತು. ಗಂಡ ಗಾಳಿಗೆಂದು ಹೊರಟ ಮೇಲೆ ಚೀಲಗಳ ನಡುವೆ ನುಸುಳಿ ಕಿವಿ ಇಟ್ಟಳು. ಇಟ್ಟದ್ದೇ ತಡ "ಅಯ್ಯಮ್ಮಾ!" ಎಂದು ಹಿಂದಕ್ಕೆ ಹಾರಿದಳು. ಮೈದುನ ಹಿಟ್ಟಿನ ಕೈಯಲ್ಲೇ ಓಡಿಬಂದ.

"ಏನಾಯ್ತು ಅತ್ತಿಗೆ? ಕಿವಿ ಕೆಂಪಗಾಗಿದೆಯಲ್ಲ!"

"ಇಲಿ" ಎಂದಳು.

"ಇಲಿ ಕಿವಿ ಕಚ್ತಾ?"

"ನಿನ್ ಕೆಲಸ ನೋಡ್ಕೊಳ್ಳಪ್ಪ."

ಅವನು ನಿಂತೇ ಇದ್ದ. ಏನೋ ಹೇಳಲು ಬಾಯಿ ತೆರೆದು ಮುಚ್ಚಿದ. "ಅತ್ತಿಗೆ, ಅಣ್ಣನ್ನ..." ಎಂದ. ಮತ್ತೆ, "ಏನಿಲ್ಲ ಬಿಡಿ, ನಾನು ಹೇಳಿದ್ರೆ ತಪ್ಪಾಗುತ್ತೆ" ಎಂದು ತಿರುಗಿ ಹೋದ. ಅಷ್ಟು ಸಾಕಿತ್ತು. ನಾಳೆಯೇ ಎಂದು ಅಕ್ಕ ತೀರ್ಮಾನಿಸಿದಳು.

ಮರುದಿನ ಅವಳು ಹಳದಿಯ ಹೊಸ ಬಟ್ಟೆ ತೊಟ್ಟಳು. ಹೋಗುವುದಾದರೆ ಹರಕಲಾಗಿ ಹೋಗಬಾರದು. ತನ್ನ ನಾಲ್ಕು ಬಟ್ಟೆಯನ್ನು ಚೀಲಕ್ಕೆ ತುಂಬಿ ಮಂಚದ ಕೆಳಗೆ ಇಟ್ಟಳು. ಗಂಡ ಎಂದಿನಂತೆ ಹಿಂಬಾಗಿಲಿನಿಂದ ಹೊರಟ. ಸ್ವಲ್ಪ ಹೊತ್ತು ಬಿಟ್ಟು ಅವಳು ಗಾಜಿನ ಪೆಟ್ಟಿಗೆಯನ್ನು ಮುಚ್ಚಿದಳು. ಅವಳು ಹೋದದ್ದು ಮುಂಬಾಗಿಲಿನಿಂದ. ಕಳ್ಳರ ಹಾಗೆ ಓಣಿಯಲ್ಲಿ ನಾನೇಕೆ ಹೋಗಲಿ? ಚಪ್ಪಲಿ ರಿಪೇರಿಯವನು ಮೊಳೆ ಹೊಡೆಯುವುದನ್ನು ನಿಲ್ಲಿಸಿದ. ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ತರಕಾರಿ ಗಾಡಿಯವನೂ ಲೋಟ ಕೆಳಗಿಟ್ಟ.

ಪರದೆಯ ಕೆಳಗೆ ಹಿಮ್ಮಡಿ ಸವೆದ ಚಪ್ಪಲಿ. ಅಕ್ಕ ಪರದೆ ಸರಿಸಿದಳು.

ಗಂಡ ಗೋಡೆಗೆ ಮುಖ ಮಾಡಿ ನಿಂತಿದ್ದ. ಎರಡು ಅಂಗೈಯನ್ನೂ ಇಟ್ಟಿಗೆಯ ಮೇಲೆ ಅಗಲಿಸಿ ಇಟ್ಟಿದ್ದ, ಕೆನ್ನೆಯನ್ನೂ ಆನಿಸಿ ಕಣ್ಣು ಮುಚ್ಚಿದ್ದ. ಟೇಲರಮ್ಮ ಕೋಣೆಯ ಆ ತುದಿಯಲ್ಲಿ ಮಷಿನ್ ಮುಂದೆ ಕೂತು ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡು ಕಾಲರ್ ತಿರುಗಿಸುತ್ತಿದ್ದಳು. ಅವರಿಬ್ಬರ ನಡುವೆ ಕತ್ತರಿಸಿದ ಬಟ್ಟೆಯ ರಾಶಿ, ಒಂದು ಕುರ್ಚಿ, ಮತ್ತೊಂದು ಕುರ್ಚಿ. ಅಕ್ಕ ಎಷ್ಟೋ ಬಗೆಯಲ್ಲಿ ಈ ಕೋಣೆಯನ್ನು ಕಲ್ಪಿಸಿಕೊಂಡಿದ್ದಳು. ಈ ಬಗೆಯಲ್ಲಿ ಮಾತ್ರ ಇಲ್ಲ.

"ಏನ್ ನಡೀತಿದೆ ಇಲ್ಲಿ?"

ಗಂಡ ಬೆಚ್ಚಿ ತಿರುಗಿದ. ಅವಳ ಕಡೆಗಲ್ಲ, ಪರದೆಯ ಕಡೆಗೆ. "ನೀನಾ? ಏನಿಲ್ಲ... ಗೋಡೆ ಮುಟ್ಟಿ ನೋಡ್ತಿದ್ದೆ."

"ಗೋಡೆ ಮುಟ್ಟೋಕೆ ನಮ್ಮನೇಲಿ ಗೋಡೆ ಇಲ್ವಾ?"

"ಆ ಕಡೆ ತುಂಬಾ ಬಿಸಿ."

"ಗೊತ್ತು" ಎಂದಳು ಅಕ್ಕ, ಕಿವಿ ಮುಟ್ಟಿಕೊಂಡು. "ಈ ಕಡೆ ಹಿತವಾಗಿದೆಯೋ?"

ಟೇಲರಮ್ಮ ತುಟಿಯಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಮೆತ್ತೆಗೆ ಚುಚ್ಚಿದಳು. ಈಗ ಅವಳ ಮುಖದಲ್ಲಿ ನಗು ಇರಲಿಲ್ಲ.

"ಯಜಮಾನ್ರೇ, ನೀವು ಹೇಳ್ತೀರೋ, ನಾನೇ ಹೇಳ್ಲೋ?"

"ಹೇಳೋಕೆ ಏನೂ ಇಲ್ಲ" ಎಂದ ಗಂಡ.

"ಸರಿ." ಟೇಲರಮ್ಮ ಎದ್ದು ಬಂದು ಅವನ ಮುಂದೆ ಸೂಜಿ ಮತ್ತು ಕೆಂಪು ದಾರ ಹಿಡಿದಳು. "ಪೋಣಿಸಿ."

ಅವನು ತೆಗೆದುಕೊಳ್ಳಲಿಲ್ಲ.

"ಸೂಜಿ ಬೇಡ, ಬಿಡಿ. ನಿಮ್ಮ ಹೆಂಡ್ತಿ ಎದುರಿಗೇ ನಿಂತಿದ್ದಾರೆ. ಯಾವ ಬಣ್ಣದ ಬಟ್ಟೆ ಹಾಕಿದ್ದಾರೆ, ಅದನ್ನಾದ್ರೂ ಹೇಳಿ."

ಗಂಡ ಅಕ್ಕನ ಕಡೆ ಕಣ್ಣು ಕಿರಿದು ಮಾಡಿದ. ಅವನ ಹಣೆ ಬೆವರಿತ್ತು. ಬಾಯಲ್ಲಿ ಬಂದದ್ದು ಒಂದು ಊಹೆ ಎಂದು ಅವಳಿಗೆ ಅವನ ದನಿಯಲ್ಲೇ ತಿಳಿಯಿತು.

"ನೀಲಿ" ಎಂದ.

ಅಕ್ಕ ಕುರ್ಚಿಯ ಮೇಲೆ ಕೂತಳು.

"ಮಬ್ಬು ಕಣೇ" ಎಂದ ಗಂಡ, ಸಣ್ಣ ದನಿಯಲ್ಲಿ. "ಹಾಲು ಚೆಲ್ಲಿದ ಗಾಜಿನ ಹಿಂದಿಂದ ನೋಡಿದ ಹಾಗೆ. ಮೊದಲು ಒಂದು ಕಣ್ಣಲ್ಲಿತ್ತು. ಈಗ ಎರಡರಲ್ಲೂ ಇದೆ. ಭಟ್ಟಿ ಒಳಗೆ ಬಗ್ಗಿದ್ರೆ ಕಪ್ಪೂ ಒಂದೇ, ಬಿಳೀನೂ ಒಂದೇ. ಅಮ್ಮನಿಗೆ ಗೊತ್ತಾದ್ರೆ ಆ ಕ್ಷಣ ಬೇಕರೀನ ತಮ್ಮನ ಕೈಗೆ ಕೊಡ್ತಾರೆ. ನನಗೆ ಬೇರೆ ಯಾವ ಕೆಲಸ ಬರುತ್ತೆ ಹೇಳು? ಅದಕ್ಕೆ... ಗೋಡೆ ಕೈಗೆ ತಾಳೋ ಅಷ್ಟು ಬಿಸಿ ಆದಾಗ ಹೋಗಿ 'ಹಾಕು' ಅಂತೀನಿ."

"ಅಂಗಿ ಗುಂಡಿ ಹಾಕಿಸ್ಕೊಳ್ಳೋಕೆ ಬಂದ್ರು, ಆಗ ಗೊತ್ತಾಗಿದ್ದು" ಎಂದಳು ಟೇಲರಮ್ಮ. "ತಮಾಷೆಗೆ, ದಾರ ಪೋಣಿಸಿ ಕೊಡಿ ಅಂದೆ. ಗಾಳೀಲಿ ಚುಚ್ತಿದ್ರು. ಬೇಡ ಅಂತ ಎಷ್ಟು ಹೇಳ್ದೆ. ಈ ಗೋಡೆ ನಂಬಬೇಡಿ ಅಂದೆ. ಬೆಳಿಗ್ಗೆ ನೀವು ಸೌದೆ ಹಚ್ಚೋ ಮುಂಚೇನೂ ಇದು ಬಿಸಿ ಇರುತ್ತೆ. ಇದು ಹೇಳೋದು ನಿನ್ನೆ ಸುದ್ದಿ. ಅದಕ್ಕೇ ನಿಮ್ಮ ಬ್ರೆಡ್ಡಿನ ಗತಿ ಹಾಗೆ."

ಅಕ್ಕನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಿವಿಯ ಪಕ್ಕಕ್ಕೆ ನೋಡಿದ್ದು, ಚೌಕಟ್ಟು ಸವರಿದ್ದು, ಎದುರಿಗೆ ಹಿಡಿದ ದಾರವನ್ನು ಇಲ್ಲವೆಂದದ್ದು, ಒಂದೊಂದೇ ಮಗ್ಗುಲು ಬದಲಾಯಿಸಿದವು. ಎದೆ ಹಗುರಾಗಬೇಕಿತ್ತು. ಆಗಿತ್ತು ಕೂಡ, ಒಂದು ಕ್ಷಣ. ಆಮೇಲೆ ಬೇರೊಂದು ಕಡೆಯಿಂದ ಚುಚ್ಚಿತು.

"ಇವಳಿಗೆ ಹೇಳಿದ್ರಿ" ಎಂದಳು. "ನನಗೆ ಹೇಳ್ಲಿಲ್ಲ."

"ನಿನಗೆ ಹೇಳಿದ್ರೆ ನೀನು ಅಳ್ತಿದ್ದೆ."

"ಈಗೇನ್ ಕುಣೀತಿದ್ದೀನಾ?"

ಗಂಡನಿಗೆ ಆಗ ಏನೋ ಹೊಳೆದಂತಾಯಿತು. ತಲೆ ಒಂದು ಪಕ್ಕಕ್ಕೆ ವಾಲಿಸಿದ. "ತಡಿ. ನೀನು ಇಲ್ಲಿಗೆ ಯಾಕೆ ಬಂದೆ? ಏನಂತ ತಿಳ್ಕೊಂಡಿದ್ದೆ?"

"ಏನೋ ಒಂದು."

"ನಾನಾ? ಇವರ ಜೊತೆಗಾ?" ಅವನ ಮುಖದಲ್ಲಿ ಮೊದಲು ಗಾಬರಿ, ಆಮೇಲೆ, ಎಷ್ಟು ತಡೆದರೂ ನಿಲ್ಲದ, ಒಂದು ಸಣ್ಣ ಹೆಮ್ಮೆ. "ಈ ಹೊಟ್ಟೆ ಇಟ್ಕೊಂಡು?"

"ಬಾಯಿ ಮುಚ್ಚಿ" ಎಂದರು ಇಬ್ಬರು ಹೆಂಗಸರೂ ಒಟ್ಟಿಗೆ.

ಟೇಲರಮ್ಮ ಪರದೆಯ ಸಂದಿನಿಂದ ಬೀದಿಯನ್ನು ನೋಡಿದಳು. ನೋಡುತ್ತ ನಿಂತಳು. ತಿರುಗಿದಾಗ ಅವಳ ದನಿ ಬೇರೆಯಾಗಿತ್ತು.

"ಅಕ್ಕ, ಯಾರಿಗಾದ್ರೂ ಹೇಳಿದ್ರಾ, ನಿಮ್ಮ ಅನುಮಾನಾನ?"

ಅಕ್ಕ ನೆಲ ನೋಡಿದಳು.

"ಅದಕ್ಕೇ. ಮೊನ್ನೆಯಿಂದ ಎರಡು ಮನೆಯವರು ಕೊಟ್ಟ ಬಟ್ಟೆ ವಾಪಸ್ ತಗೊಂಡು ಹೋದ್ರು. ಅರ್ಧ ಹೊಲಿದಿದ್ದನ್ನ! ಯಾಕೆ ಅಂದ್ರೆ ಮಾತಿಲ್ಲ. ಈಗ ನೋಡಿದ್ರೆ ಹೊರಗೆ ಜಾತ್ರೆ ಸೇರಿದ ಹಾಗೆ ನಿಂತಿದ್ದಾರೆ."

"ನಾನು ಅವರಿಗೆ ಹೇಳ್ತೀನಿ, ಅಂಥದ್ದೇನೂ ಇಲ್ಲ ಅಂತ" ಎಂದಳು ಅಕ್ಕ.

"ನಂಬ್ತಾರಾ? ಹಾಗಾದ್ರೆ ದಿನಾ ಯಾಕೆ ಬರ್ತಿದ್ರು ಅಂದ್ರೆ ಏನ್ ಹೇಳ್ತೀರಾ? ಗೋಡೆ ನೋಡೋಕೆ ಅಂತೀರಾ?"

"ಕಣ್ಣಿನ ವಿಷಯ ಹೊರಗೆ ಹೋಗಬಾರದು" ಎಂದ ಗಂಡ ಥಟ್ಟನೆ. "ಸ್ವಲ್ಪ ದಿನ. ಏನಾದ್ರೂ ದಾರಿ ಹುಡುಕ್ತೀನಿ. ಅಲ್ಲೀವರೆಗೆ ಜನ ಏನಾದ್ರೂ ಅಂದ್ಕೊಳ್ಲಿ."

"ಅಂದ್ಕೊಳ್ಲಿ?" ಟೇಲರಮ್ಮ ಸೂಜಿಯನ್ನು ಮೇಜಿನ ಮೇಲೆ ಇಟ್ಟಳು, ಬಹಳ ಮೆಲ್ಲಗೆ. "ಯಜಮಾನ್ರೇ, ಕಣ್ಣಿನ ಪೊರೆ ಡಾಕ್ಟ್ರು ತೆಗೀತಾರೆ. ನನ್ನ ಹೆಸರಿಗೆ ಹಿಡಿದಿದ್ದನ್ನ ಯಾರು ತೆಗೀತಾರೆ? ನಾನು ಈ ಬೀದೀಲಿ ಒಬ್ಬಳೇ ಇದ್ದೀನಿ."

ಆಗಲೇ ಹೊರಗಿನಿಂದ ಮೈದುನನ ಕೂಗು ಕೇಳಿಸಿತು. ಅಣ್ಣನನ್ನು ಹುಡುಕಿಕೊಂಡು ಅವನು ಬೇಕರಿಯ ಮುಂದಿನ ಮೆಟ್ಟಿಲಿಗೆ ಬಂದಿದ್ದ.

"ಅಣ್ಣಾ! ಉರಿ ಇಳೀತಿದೆ! ಹಾಕ್ಲಾ?"

ಗಂಡ ಗೋಡೆಗೆ ಇನ್ನೊಮ್ಮೆ ಅಂಗೈ ಒತ್ತಿ, ಪರದೆ ಸರಿಸಿ ಹೊರಗೆ ಬಂದ. ಹಿಂದೆಯೇ ಅಕ್ಕ ಬಂದಳು. ಬೀದಿಯಲ್ಲಿ ಚಪ್ಪಲಿ ರಿಪೇರಿಯವನು ಎದ್ದೇ ನಿಂತಿದ್ದ. ತರಕಾರಿ ಗಾಡಿಯವನು, ಬ್ರೆಡ್ಡಿಗೆ ಬಂದ ಇಬ್ಬರು ಹೆಂಗಸರು, ನೀರು ತುಂಬಿಸಿಕೊಂಡು ಹೋಗುತ್ತಿದ್ದ ಮುದುಕ, ಎಲ್ಲರೂ ಅವರವರ ಕೆಲಸದ ನಡುವೆ ಕಲ್ಲಾಗಿದ್ದರು. ಜಗಲಿಯ ಮೇಲೆ ಅತ್ತೆ ಕಾಗದ ಹಿಡಿದೇ ಕೂತಿದ್ದರು.

"ಏನಕ್ಕಾ" ಎಂದ ಚಪ್ಪಲಿ ರಿಪೇರಿಯವನು, ಬಾಯಲ್ಲಿ ಮಾತ್ರ ಮರುಕ ಇಟ್ಟುಕೊಂಡು, "ಸಿಕ್ಕಿದ್ರಾ?"

ಗಂಡ ತಮ್ಮನ ದನಿಯ ಕಡೆ ತಿರುಗಿದ. ಬಾಯಿ ತೆರೆದ. ಆ ಮಾತು ನಾಲಿಗೆಯ ತುದಿಯಲ್ಲಿತ್ತು. ಅಕ್ಕನಿಗೆ ಹಿಂದೆ ಪರದೆಯಾಚೆ ಮಷಿನ್ನಿನ ಸದ್ದು ಕೇಳಿಸುತ್ತಿರಲಿಲ್ಲ. ಟೇಲರಮ್ಮ ಉಸಿರು ಹಿಡಿದು ನಿಂತಿದ್ದಾಳೆ ಎಂದು ನೋಡದೆಯೇ ಗೊತ್ತಾಯಿತು.

"ಹಾ..." ಎಂದ ಗಂಡ.

"ಹಾಕಬೇಡ ಕಣಪ್ಪ!" ಎಂದು ಅಕ್ಕ ಕೂಗಿದಳು. ಬೀದಿಯ ಆ ತುದಿಗೂ ಕೇಳುವಂತೆ, ಬೇಕೆಂದೇ. "ನಿಮ್ಮಣ್ಣನಿಗೆ ಕಾಣಲ್ಲ. ಎರಡು ಕಣ್ಣಿಗೂ ಪೊರೆ ಬಂದಿದೆ. ಭಟ್ಟಿ ಕಾಣದೆ, ದಿನಾ ಈ ಮನೆಗೆ ಬಂದು ಗೋಡೆ ಮುಟ್ಟಿ ಶಾಖ ನೋಡ್ತಿದ್ರು. ನನಗೂ ಇವತ್ತೇ ಗೊತ್ತಾಗಿದ್ದು. ನೀನೇ ಬಗ್ಗಿ ನೋಡಿ ಹೇಳು."

ಗಂಡನ ಬಾಯಿ ತೆರೆದದ್ದು ಹಾಗೇ ಉಳಿಯಿತು. ಮೈದುನ ಒಮ್ಮೆ ಅಣ್ಣನನ್ನು ನೋಡಿ, ಒಮ್ಮೆ ಅತ್ತಿಗೆಯನ್ನು ನೋಡಿ, ಒಳಗೆ ಓಡಿದ. ಬೀದಿ ಕಾಯಿತು.

"ಬೆನ್ನಿನ ಕಡೆ ಇನ್ನೂ ಮಸಿ ಇದೆ ಅಣ್ಣಾ" ಎಂದು ಒಳಗಿನಿಂದ ಅವನ ದನಿ ಬಂತು. ಆಮೇಲೆ, ಇನ್ನೂ ಸಣ್ಣಗೆ, "ನಿನ್ನೇನೂ ಇತ್ತು."

ಚಪ್ಪಲಿ ರಿಪೇರಿಯವನು ಕೂತ. ಸುತ್ತಿಗೆ ಹುಡುಕುವ ನೆಪದಲ್ಲಿ ತಲೆ ಬಗ್ಗಿಸಿದ. ಬ್ರೆಡ್ಡಿಗೆ ಬಂದ ಹೆಂಗಸರಲ್ಲಿ ಒಬ್ಬಳು, "ಅಯ್ಯೋ, ಪೊರೆ ಅಲ್ವಾ, ನಮ್ಮ ಚಿಕ್ಕಪ್ಪನಿಗೂ ಬಂದಿತ್ತು, ತೆಗೆದ್ರು" ಎಂದಳು. ಅವಳ ದನಿಯಲ್ಲಿ ನಿರಾಸೆಯೂ ಇತ್ತು. ಪರದೆಯಾಚೆ ಮಷಿನ್ನು ಮತ್ತೆ ಓಡತೊಡಗಿತು.

ಗಂಡ ಬೇಕರಿಯೊಳಗೆ ಹೋಗಿ ಹಿಟ್ಟಿನ ಚೀಲದ ಮೇಲೆ ಕೂತ. ಭಟ್ಟಿಗೆ ಮೈದುನ ಹೊಸ ಸೌದೆ ತುಂಬುತ್ತಿದ್ದ. ಯಾರನ್ನೂ ಕೇಳಲಿಲ್ಲ. ಅಕ್ಕ ಗಂಡನ ಪಕ್ಕದ ಚೀಲದ ಮೇಲೆ ಕೂತಳು. ಅವನು ಬೈಯುತ್ತಾನೆ ಎಂದು ಕಾದಳು. ಅವನು ಬೈಯಲಿಲ್ಲ.

"ಎಲ್ಲರ ಮುಂದೆ ಹೇಳ್ಬಿಟ್ಟೆ" ಎಂದ ಕೊನೆಗೆ.

"ಹೂಂ."

"ಯಾರ್ ಯಾರಿದ್ರು?"

ಅವನು ಕೇಳುತ್ತಿರುವುದು ನಿಜವಾಗಿಯೇ ಎಂದು ಅರ್ಥವಾಗಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆ ಬೀದಿಯಲ್ಲಿ, ಅಷ್ಟು ಬೆಳಕಿನಲ್ಲಿ, ಅವನು ಯಾರನ್ನೂ ಕಂಡಿರಲಿಲ್ಲ. ಅವಳು ಒಬ್ಬೊಬ್ಬರನ್ನೇ ಹೇಳಿದಳು. ಚಪ್ಪಲಿ ರಿಪೇರಿಯವನು. ತರಕಾರಿಯವನು. ಮೂಲೆಮನೆಯ ಅತ್ತಿಗೆ ನಾದಿನಿ. ನೀರಿನ ತಾತ.

"ಅಮ್ಮ?"

"ಇದ್ರು."

ಗಂಡ ಮೊಣಕಾಲಿನ ಮೇಲಿನ ಹಿಟ್ಟನ್ನು ಕೊಡವಿದ. ಅಲ್ಲಿ ಹಿಟ್ಟಿರಲಿಲ್ಲ.

"ನೀನು ಹೇಳ್ದಾಗ ಅಮ್ಮ ಯಾರ ಕಡೆ ನೋಡಿದ್ರು?"

ಅತ್ತೆ ನೋಡಿದ್ದು ಬೇಕರಿಯ ಒಳಗೆ, ಚಿಕ್ಕ ಮಗ ಓಡಿದ ಕಡೆ. ದೊಡ್ಡವನತ್ತ ಒಂದು ಸಲವೂ ತಿರುಗಿರಲಿಲ್ಲ. ಅಕ್ಕ ಅದನ್ನು ಸರಿಯಾಗಿ ಕಂಡಿದ್ದಳು.

"ನಿಮ್ಮ ಕಡೆ" ಎಂದಳು. "ನಿಮ್ಮ ಕಡೇನೇ ನೋಡ್ತಿದ್ರು."

ಗಂಡ ತಲೆಯಾಡಿಸಿದ. ಅವನ ಮಬ್ಬು ಕಣ್ಣು ಅವಳ ಕಿವಿಯ ಪಕ್ಕದಿಂದ ಮೆಲ್ಲಗೆ ಅವಳ ಮುಖಕ್ಕೆ ಸರಿದು, ಅಲ್ಲಿ ಏನನ್ನೋ ಹುಡುಕುವಂತೆ ನಿಂತಿತು. ನಂಬಿದನೋ ಇಲ್ಲವೋ, ಅವಳಿಗೆ ತಿಳಿಯಲಿಲ್ಲ.